ನೀರಿನೊಳಗಿನ ಅಡಿಪಾಯ

ಚೊಂಬನ್ನು ಬೋರಲು ಹಿಡಿದು ನೀರಿನಲ್ಲಿ ಅದುಮಿದರೆ ಒಳಗಿನ ಗಾಳಿಯು ನೀರನ್ನು ತಡೆಯುವುದನ್ನು ನಾವೆಲ್ಲರೂ ಬಲ್ಲೆವು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಅಡಿಪಾಯವನ್ನು ಹಾಕಿದುದೂ ಇದೇ ತತ್ತ್ವದಿಂದ. ತಳವಿಲ್ಲದ ಭಾರಿ ಮರದ ಪೆಟ್ಟಿಗೆಯನ್ನು ನದಿಯ ತಳಕ್ಕಿಳಿಸಿ, ಒತ್ತಿ ತುಂಬಿದ ಗಾಳಿಯಿಂದ ನೀರನ್ನು ಹೊರದೂಡಿದರು. ಕೆಲಸಗಾರರು ಒಳಗೆ ನಿಂತು ಅಗೆದಂತೆಲ್ಲ, ಮೇಲೆ ಕಟ್ಟುತ್ತಿದ್ದ ಕಲ್ಲಿನ ಭಾರಕ್ಕೆ ಪೆಟ್ಟಿಗೆಯು ಇಳಿಯುತ್ತಿತ್ತು. ಆಳವು ಹೆಚ್ಚಿದಷ್ಟೂ ಗಾಳಿಯ ಒತ್ತಡವೂ ಹೆಚ್ಚಬೇಕು. ಅಂತಹ ಒತ್ತಡದಿಂದ ಬೇಗನೆ ಹೊರಬಂದವರ ರಕ್ತದಲ್ಲಿ ಸಾರಜನಕವು ಗುಳ್ಳೆಗಟ್ಟುತ್ತದೆ. ಈ ಕಾರಣವನ್ನು ಅಂದು ಅರಿತಿರಲಿಲ್ಲ. ಅನೇಕರು ನರಳಿದರು, ಕೆಲವರು ಸತ್ತರು. 1872ರಲ್ಲಿ ನ್ಯೂಯಾರ್ಕ್ ಕಡೆಯ ಪೆಟ್ಟಿಗೆಯು 78 ಅಡಿ ಇಳಿದರೂ ಸಮತಟ್ಟಾದ ಬಂಡೆ ದೊರೆಯಲಿಲ್ಲ. ಮುಖ್ಯ ಇಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗರು ಮತ್ತಷ್ಟು ಸಾವುಗಳಿಗೆ ಅಂಜಿ, ಗಟ್ಟಿ ಮರಳಿನ ಮೇಲೆಯೇ ಅಗೆತವನ್ನು ನಿಲ್ಲಿಸಿದರು. ಸೇತುವೆಯು 1883ರಲ್ಲಿ ತೆರೆಯಿತು. ಆ ಗೋಪುರವು ಇಂದಿಗೂ ಆ ಮರಳಿನ ಮೇಲೆಯೇ ನಿಂತಿದೆ.