ಹುಟ್ಟಿನ ಭೇದವೂ ಉದಾರವಾದವೂ
(ಮಹೋತ್ಸವದ ಧರ್ಮಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಮನೆತನಗಳಿಂದ ಮಕ್ಕಳು ವಿದ್ಯೆಗಾಗಿಯೂ ಉದ್ಯೋಗಕ್ಕಾಗಿಯೂ ಈಗ ಪರದೇಶಗಳಿಗೆ ಹೋಗುತ್ತಿರುವರು. ಅಲ್ಲಿ ಮಗನಿಗೆ ಮೈಬಣ್ಣದ ದೆಸೆಯಿಂದ ಅವಮಾನವಾಯಿತೆಂಬ ವಾರ್ತೆ ಬಂದರೆ ತಂದೆತಾಯಿಗಳ ಹೊಟ್ಟೆಯಲ್ಲಿ ಬೆಂಕಿ ಬೀಳುವುದು ಸಹಜವೇ. ಆದರೆ ಅಮೇರಿಕೆಯ ಸಿಯಾಟಲ್ ನಗರಸಭೆಯು 2023ರ ಫೆಬ್ರುವರಿಯಲ್ಲಿ, ಭೇದಭಾವವನ್ನು ನಿಷೇಧಿಸುವ ತನ್ನ ಕಾನೂನಿಗೆ ಜಾತಿ ಎಂಬ ಶಬ್ದವನ್ನೂ ಸೇರಿಸಬೇಕಾಯಿತು. ಬಣ್ಣದ ಭೇದಕ್ಕೆ ಗುರಿಯಾಗುವವರಲ್ಲಿಯೇ ಕೆಲವರು ಜಾತಿಯ ಭೇದವನ್ನು ಸಮುದ್ರದಾಚೆಗೆ ಒಯ್ದಿರುವರೆಂಬ ದೂರು ಅದರ ಹಿಂದೆ ಇದ್ದಿತು. ಮನುಷ್ಯರೆಲ್ಲರೂ ಸಮಾನರೆಂದು ಸಾರುವ ಉದಾರವಾದವು ಈ ಎರಡು ಭೇದಗಳನ್ನು ಏಕೆ ಅಳಿಸಲಾರದೆ ಹೋಯಿತು ಎಂಬುದೇ ಇಂದಿನ ವಿಚಾರವು.

ಪರರಿಗೆ ಹಾನಿಯಾಗದಿರುವವರೆಗೆ ವ್ಯಕ್ತಿಯ ನಡೆನುಡಿಗಳಲ್ಲಿ ಸರಕಾರವಾಗಲಿ ಸಮಾಜವಾಗಲಿ ಕೈಹಾಕಬಾರದೆಂಬ ತತ್ತ್ವವನ್ನು ಸ್ಪಷ್ಟವಾಗಿ ಪ್ರತಿಪಾದಿಸಿದವನು ಆಂಗ್ಲ ಪಂಡಿತನಾದ ಜಾನ್ ಸ್ಟುವರ್ಟ್ ಮಿಲ್. ಆದರೆ 1859ರಲ್ಲಿ ಪ್ರಕಟವಾದ ಅವನ ಸ್ವಾತಂತ್ರ್ಯವಿಷಯಕ ಗ್ರಂಥದ ಆರಂಭದಲ್ಲಿಯೇ ಒಂದು ಅಪವಾದವಿರುವುದು. ಬಾಲಕರಿಗೂ, ಹಿಂದುಳಿದವರೆಂದು ಎಣಿಸಲ್ಪಟ್ಟ ಜನಾಂಗಗಳಿಗೂ ಈ ತತ್ತ್ವವು ಅನ್ವಯಿಸದು. ಅಂಥವರನ್ನು ಸುಧಾರಿಸುವುದಕ್ಕಾಗಿ ನಿರಂಕುಶವಾಗಿ ಆಳಿದರೂ ದೋಷವಿಲ್ಲವಂತೆ! ಮಿಲ್ಲನು 1823ರಿಂದ 1858ರ ವರೆಗೆ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯ ನೌಕರನು. ಬೆಳಗಾವಿಯು 1818ರಲ್ಲಿ ಆ ಕುಂಪಣಿಯ ವಶವಾಗಿದ್ದಿತು. ಈ ಸೀಮೆಯ ರೈತನ ಕಂದಾಯವು ಮಿಲ್ಲನ ಧಣಿಗಳಿಗೆ ಮುಟ್ಟುತ್ತಿದ್ದಿತು. ಆ ಗ್ರಂಥದ ಸ್ವಾತಂತ್ರ್ಯದಲ್ಲಿ ಮಾತ್ರ ರೈತನಿಗೆ ಪಾಲಿರಲಿಲ್ಲ.

ಜಮೈಕಾ ದ್ವೀಪದಲ್ಲಿ ಬೆಳೆದು ಅಮೇರಿಕೆಯಲ್ಲಿ ಅಧ್ಯಾಪಕನಾಗಿದ್ದ ಚಾರ್ಲ್ಸ್ ಮಿಲ್ಸ್ ಎಂಬ ಕರಿಯ ತತ್ತ್ವಜ್ಞನು (ಹೆಸರು ಹೋಲಿದರೂ ಇವನು ಬೇರೆ, 2021ರಲ್ಲಿ ತೀರಿಕೊಂಡನು) 1997ರ ತನ್ನ ಗ್ರಂಥದಲ್ಲಿ ಈ ಮರ್ಮವನ್ನು ಬಿಚ್ಚಿ ತೋರಿಸಿದನು. ಸಮಾನರಾದವರ ಒಡಂಬಡಿಕೆಯಿಂದ ರಾಜ್ಯವು ಹುಟ್ಟಿತೆಂದು ಯೂರೋಪಿಯನ್ನರು ಹೇಳುವರಷ್ಟೆ. ಅದು ಬಿಳಿಯರು ತಮ್ಮತಮ್ಮೊಳಗೆ ಮಾಡಿಕೊಂಡ ಒಡಂಬಡಿಕೆಯೆಂದು ಅವನ ವಾದ. ಆದರೂ ಉದಾರವಾದವನ್ನು ಬಿಸುಡಿರೆಂದು ಅವನು ಹೇಳಲಿಲ್ಲ. ಹಿಂದೆ ನಡೆದ ಅನ್ಯಾಯವನ್ನು ಲೆಕ್ಕಕ್ಕೆ ಹಿಡಿದು ಅದನ್ನು ತಿದ್ದಿಕೊಳ್ಳಿರೆಂದನು. ಇದು ವಿವೇಕದ ಮಾತು.

ಹಾಗಾದರೆ ಜಾತಿಯೂ ಜನಾಂಗವೂ ಒಂದೆಯೇ? 1925ರ ಏಪ್ರಿಲಿನಲ್ಲಿ ನಿಪ್ಪಾಣಿಯ ದಲಿತವರ್ಗಗಳ ಪರಿಷತ್ತಿಗೆ ಅಧ್ಯಕ್ಷರಾಗಿ ಬಂದಿದ್ದ ಡಾಕ್ಟರ ಅಂಬೇಡಕರರು 1936ರಲ್ಲಿ ಇದಕ್ಕೆ ಉತ್ತರ ಬರೆದಿರುವರು. ಪಂಜಾಬಿನ ಬ್ರಾಹ್ಮಣನೂ ಪಂಜಾಬಿನ ಚಮ್ಮಾರನೂ ಒಂದೇ ಜನಾಂಗದವರು. ರಕ್ತದಲ್ಲಿ ಇಲ್ಲದ ಭೇದವನ್ನು ಜಾತಿಯು ಕಲ್ಪಿಸಿತು. ಅದೇ ಅಂಬೇಡಕರರು 1946ರಲ್ಲಿ ಅಮೇರಿಕೆಯ ನೀಗ್ರೋ ಮುಖಂಡರಾದ ಡ್ಯುಬಾಯ್ಸರಿಗೆ ಪತ್ರ ಬರೆದು, ಅಸ್ಪೃಶ್ಯರ ಸ್ಥಿತಿಗೂ ನೀಗ್ರೋಗಳ ಸ್ಥಿತಿಗೂ ಬಹಳ ಹೋಲಿಕೆಯುಂಟೆಂದರು. ಮೂಲವು ಬೇರೆ, ನೋವು ಒಂದು.

ಈ ನೋವಿಗೆ ಚಿಕಿತ್ಸೆಯು ಈ ಸೀಮೆಯಲ್ಲಿಯೇ ಮೊದಲಾಯಿತೆಂಬುದನ್ನು ಭಕ್ತರು ಮರೆಯಲಾಗದು. ಚಿಕ್ಕೋಡಿ, ಅಥಣಿಗಳು ಮುಂಬಯಿ ಇಲಾಖೆಯಲ್ಲಿದ್ದಾಗ ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದಿತು. ಅಲ್ಲಿಯ ಶಾಹೂ ಛತ್ರಪತಿಗಳು 1902ರ ಜುಲೈ 26ರಂದು, ತೆರವಾಗುವ ಸರಕಾರಿ ಸ್ಥಾನಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದ ವರ್ಗಗಳಿಗೆ ಕೊಡತಕ್ಕದ್ದೆಂದು ಆಜ್ಞೆ ಮಾಡಿದರು. ಯೋಗ್ಯತೆಯೊಂದೇ ಪ್ರಮಾಣವಾಗಬೇಕೆಂದು ಸಾಂಗಲಿಯ ವಕೀಲರೊಬ್ಬರು ಆಕ್ಷೇಪಿಸಿದಾಗ ಮಹಾರಾಜರು ಅವರನ್ನು ಕುದುರೆಲಾಯಕ್ಕೆ ಕರೆದೊಯ್ದರೆಂದು ಜನರು ಹೇಳುತ್ತ ಬಂದಿರುವರು. ಒಂದೊಂದು ಕುದುರೆಯೂ ತನ್ನ ಬಾಯಿಚೀಲದಲ್ಲಿ ಕಡಲೆ ತಿನ್ನುತ್ತಿದ್ದಿತು. ಚೀಲಗಳನ್ನು ಬಿಡಿಸಿ, ಕಡಲೆಯನ್ನೆಲ್ಲ ಒಂದೆಡೆ ಹಾಸಿದ ಬಟ್ಟೆಯ ಮೇಲೆ ಸುರುವಿಸಿ, ಕುದುರೆಗಳನ್ನು ಬಿಡಲಾಯಿತು. ಬಲಿಷ್ಠವಾದವು ಒದ್ದು ನುಗ್ಗಿ ತಿಂದವು. ಬಡಕಲು ಕುದುರೆಗಳೂ ಮರಿಗಳೂ ದೂರ ನಿಂತವು. ನಿಯಮವು ಎಲ್ಲಕ್ಕೂ ಒಂದೇ ಆಗಿದ್ದಿತಲ್ಲವೆ? ವಕೀಲರು ತಲೆತಗ್ಗಿಸಿದರಂತೆ.

ಆ ಅರಸರ ಉದಾರಾಶ್ರಯದಿಂದ ಕೊಲ್ಹಾಪುರದಲ್ಲಿ ಲಿಂಗವಂತ ವಿದ್ಯಾರ್ಥಿಗಳಿಗೂ ಬೋರ್ಡಿಂಗು ಆಯಿತು, ಅಸ್ಪೃಶ್ಯ ವಿದ್ಯಾರ್ಥಿಗಳಿಗೂ ಆಯಿತು. ಬೇರೆಬೇರೆ ಬೋರ್ಡಿಂಗುಗಳೇಕೆಂದು ಕೇಳಬಹುದು. ಒಂದೇ ಪಂಕ್ತಿಯಲ್ಲಿ ಉಣ್ಣಲು ಸಮಾಜವು ಆಗ ಒಪ್ಪದಿದ್ದುದೇ ಕಾರಣವು. ಆ ಒಪ್ಪದವರಲ್ಲಿ ಲಿಂಗಧಾರಿಗಳೂ ಇದ್ದರು.

ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ನಡೆದ ವಿವಾಹವೂ, ಅದಕ್ಕಾಗಿ ಶರಣರು ತೆತ್ತ ಪ್ರಾಣವೂ ಸರ್ವವಿದಿತವಾಗಿದೆ. ಹರಳಯ್ಯನವರ ಕಾಯಕವು ಅಥಣಿ, ನಿಪ್ಪಾಣಿಗಳ ಸುತ್ತ ಇಂದಿಗೂ ನಡೆದಿರುವುದು. ಇಲ್ಲಿ ಹೊಲಿಯುವ ಕೆರಗಳಿಗೆ ಕೊಲ್ಹಾಪುರಿ ಎಂದು ಹೆಸರು. 2019ರಲ್ಲಿ ದೊರೆತ ಭೌಗೋಳಿಕ ಗುರುತು ಮಾತ್ರ ಮಹಾರಾಷ್ಟ್ರ, ಕರ್ನಾಟಕಗಳೆರಡಕ್ಕೂ ಸೇರಿದೆ. 2025ರ ಜೂನಿನಲ್ಲಿ ಇಟಲಿಯ ಮಿಲಾನದಲ್ಲಿ ಅದೇ ಮಾಟದ ಕೆರಗಳನ್ನು, ಅವುಗಳ ಮೂಲವನ್ನು ಹೇಳದೆಯೇ, ಪ್ರದರ್ಶಿಸಿದಾಗ ಜನರಿಗೆ ರೋಷ ಬಂದಿತು. ರೋಷವು ನ್ಯಾಯವಾದುದೇ. ಆದರೆ ಕನ್ಯೆ ನೋಡಲು ಹೋದ ಹಿರಿಯರು ಹುಡುಗಿಯ ವಿದ್ಯೆ, ಗುಣ, ಲಿಂಗನಿಷ್ಠೆಗಳನ್ನು ಕೇಳುವುದಕ್ಕಿಂತ ಮೊದಲು ಒಳಪಂಗಡವನ್ನು ಕೇಳುವರು. ಉತ್ತರವು ಹೊಂದದಿದ್ದರೆ ಕೊಟ್ಟ ಚಹಾವನ್ನು ಕುಡಿದು ಎದ್ದು ಬರುವರು. ಸಮಗಾರರ ಮನೆಗಾದರೋ ಹೋಗುವುದೇ ಇಲ್ಲ.