ಮಲೆನಾಡಿನ ಮಕ್ಕಳಿಗೊಂದು ಓದಿನ ಪಂಚಾಂಗ

(ಗ್ರಾಮಸ್ಥರು, ಗ್ರಂಥಾಲಯ ಕಾರ್ಯಕರ್ತರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಜುಲೈ ತಿಂಗಳಿನಲ್ಲಿ ಅಂಗಳದಲ್ಲಿ ಅಡಿಕೆ ಒಣಗಿಸಲು ಹೊರಡುವ ಕೃಷಿಕ ಮಲೆನಾಡಿನಲ್ಲಿ ಸಿಗಲಾರ. ಮಳೆ ಯಾವಾಗ, ಕೊಯ್ಲು ಯಾವಾಗ, ಯಾವ ಹಳ್ಳ ಎಷ್ಟು ದಿನ ದಾಟಲಾಗದು ಎಂಬ ಲೆಕ್ಕವಿಲ್ಲದೆ ಇಲ್ಲಿ ಯಾವ ಕೆಲಸವೂ ನಡೆಯದು. ಆದರೆ ಮಕ್ಕಳ ಓದಿನ ಕಾರ್ಯಕ್ರಮ ರೂಪಿಸುವಾಗ ಮಾತ್ರ ಈ ವಿವೇಕ ಮರೆತುಹೋಗುತ್ತದೆ. ಬೇಸಿಗೆಯಲ್ಲೊಂದು ಶಿಬಿರ, ನವೆಂಬರ್‌ನ ಗ್ರಂಥಾಲಯ ಸಪ್ತಾಹದಲ್ಲೊಂದು ಸಮಾರಂಭ, ಉಳಿದ ದಿನಗಳಲ್ಲಿ ಕಪಾಟಿಗೆ ಬೀಗ. ಪಟ್ಟಣಕ್ಕೆ ಹೊಂದಬಹುದಾದ ಈ ಕ್ರಮ ಒಂದೊಂದು ಮನೆಯೂ ಒಂದೊಂದು ಗುಡ್ಡದ ಮರೆಯಲ್ಲಿರುವ ನಾಡಿಗೆ ಹೊಂದದು. ಇಲ್ಲಿನ ಓದಿನ ಯೋಜನೆ ಮಳೆ, ಬೆಳೆ ಮತ್ತು ದಾರಿ ಎಂಬ ಮೂರರ ಲೆಕ್ಕದ ಮೇಲೆ ನಿಲ್ಲಬೇಕು.

ಇರುವ ಚೌಕಟ್ಟು

ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಗಿಲ್ಲ. ಕರ್ನಾಟಕದಲ್ಲಿ 1965ರಲ್ಲೇ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಿದೆ. ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ಜನರು ತೆರುತ್ತಾರೆ. ಎಂದರೆ ಗ್ರಂಥಾಲಯ ಯಾರ ಕೊಡುಗೆಯೂ ಅಲ್ಲ, ಜನರದೇ ಸ್ವತ್ತು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. 2020ರ ನವೆಂಬರ್‌ನಲ್ಲಿ, ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ, ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ವೆಂಬ ಹೆಸರೂ ಬಂದಿತು.

ಹೀಗೆ ಕಾನೂನಿದೆ, ಕಟ್ಟಡವಿದೆ, ಸದಸ್ಯತ್ವವಿದೆ. ಆದರೆ ಪಂಚಾಯಿತಿ ಕೇಂದ್ರ ಹಲವು ಮಜರೆಗಳಿಂದ ಐದಾರು ಕಿಲೋಮೀಟರ್ ದೂರ. ಶಾಲೆ ಬಿಟ್ಟ ಮಗು ಬಸ್ಸು ತಪ್ಪಿಸಿಕೊಂಡು ಗ್ರಂಥಾಲಯಕ್ಕೆ ಹೋಗಲಾರದು. ಕತ್ತಲಾಗುವ ಮುನ್ನ ಮನೆ ಸೇರಬೇಕಾದ ಹೆಣ್ಣುಮಕ್ಕಳಿಗಂತೂ ಅದು ಮತ್ತಷ್ಟು ದೂರ. ಸದಸ್ಯರ ಪಟ್ಟಿ ಉದ್ದವಾಗಿದ್ದರೂ ಪುಸ್ತಕ ಮಾತ್ರ ಅಲುಗುವುದಿಲ್ಲ.

ಪುಸ್ತಕ ನಡೆಯಬೇಕು

ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ತಮ್ಮ ಐದು ಸೂತ್ರಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ್ದು 1931ರಲ್ಲಿ. ಪುಸ್ತಕವಿರುವುದು ಬಳಕೆಗಾಗಿಯೇ ಹೊರತು ಕಾಪಿಡುವುದಕ್ಕಲ್ಲ ಎಂಬುದು ಅದರ ತಿರುಳು. ಅದೇ ವರ್ಷ ತಂಜಾವೂರು ಸೀಮೆಯ ಮನ್ನಾರ್‌ಗುಡಿಯ ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕಗಳನ್ನು ಒಯ್ಯುವ ಏರ್ಪಾಡು ನಡೆಯಿತು. ಆ ಬಯಲಿನಲ್ಲಿ ಗಾಡಿಯಿಂದಾದ ಕೆಲಸವನ್ನು ಮಲೆನಾಡಿನಲ್ಲಿ ಹಾಲಿನ ಡೈರಿ, ಅಂಗನವಾಡಿ ಮತ್ತು ಸೊಸೈಟಿಗಳು ಮಾಡಬಲ್ಲವು. ದಿನವೂ ಅಥವಾ ತಿಂಗಳಿಗೊಮ್ಮೆಯಾದರೂ ಪ್ರತಿ ಮನೆಯಿಂದ ಒಬ್ಬರು ಹೋಗಿಬರುವ ತಾಣಗಳಿವು.

ನಲವತ್ತು ಪುಸ್ತಕಗಳ ಒಂದು ತಗಡಿನ ಪೆಟ್ಟಿಗೆ, ಒಂದು ನೋಟುಪುಸ್ತಕ, ಅದನ್ನು ನೋಡಿಕೊಳ್ಳುವ ಇಬ್ಬರು ಹದಿಹರೆಯದವರು: ಒಂದು ಮಜರೆಗೆ ಇಷ್ಟು ಸಾಕು. ಎರಡು ತಿಂಗಳಿಗೊಮ್ಮೆ ಪೆಟ್ಟಿಗೆಗಳು ಮಜರೆಯಿಂದ ಮಜರೆಗೆ ಬದಲಾಗಲಿ. ಐದು ಮಜರೆಗಳ ನಡುವೆ ಐದು ಪೆಟ್ಟಿಗೆ ಸುತ್ತಿದರೆ ಹತ್ತು ತಿಂಗಳಲ್ಲಿ ಪ್ರತಿ ಮಜರೆಯ ಮಕ್ಕಳಿಗೂ ಇನ್ನೂರು ಪುಸ್ತಕ ತಲುಪಿದಂತಾಯಿತು.

ತಿಂಗಳುಗಳ ಲೆಕ್ಕ

ಜೂನ್‌ನಿಂದ ಸೆಪ್ಟೆಂಬರ್: ಆಗುಂಬೆಯಂತಹ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯ ಬಹುಪಾಲು ಈ ತಿಂಗಳುಗಳದು. ಶಾಲೆಗೆ ರಜೆ, ಕರೆಂಟು ಇಲ್ಲ, ಮಕ್ಕಳು ಮನೆಯೊಳಗೆ. ಓದಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಆದರೆ ಆಗಲೇ ಪುಸ್ತಕ ಬೀಗದೊಳಗಿರುತ್ತದೆ. ಆದುದರಿಂದ ಪೆಟ್ಟಿಗೆ ಮೇ ಕೊನೆಯ ವಾರದಲ್ಲೇ ಮಜರೆ ಸೇರಬೇಕು. ಹಳ್ಳ ತುಂಬಿದ ಮೇಲೆ ಹೊರಟರೆ ತಡವಾಯಿತು.

ಅಕ್ಟೋಬರ್: ಮಳೆ ಹಿಮ್ಮೆಟ್ಟಿ ದಸರಾ ರಜೆ ಬರುತ್ತದೆ. ಓದಿದ್ದನ್ನು ಹೊರಗೆ ನೋಡುವ ಕಾಲವಿದು. ಹಕ್ಕಿ, ಗಿಡ, ಕೆರೆ, ಹಳ್ಳಗಳ ನಡುವಿನ ನಡಿಗೆ ಪುಸ್ತಕದ ಮುಂದಿನ ಅಧ್ಯಾಯವಾಗಲಿ.

ನವೆಂಬರ್‌ನಿಂದ ಫೆಬ್ರವರಿ: ಅಡಿಕೆ, ಕಾಫಿಗಳ ಕೊಯ್ಲು. ದೊಡ್ಡ ಮಕ್ಕಳೂ ಕೆಲಸಕ್ಕೆ ನಿಲ್ಲುವ ಕಾಲ. ಈ ದಿನಗಳಲ್ಲಿ ಸಭೆ, ಸ್ಪರ್ಧೆಗಳನ್ನಿಟ್ಟರೆ ಯಾರೂ ಬರಲಾರರು. ಆದರೆ ಅಡಿಕೆ ಸುಲಿಯುವ ರಾತ್ರಿಗಳಿವೆಯಲ್ಲ! ಹತ್ತು ಹದಿನೈದು ಮಂದಿ ಮೆಟ್ಟುಗತ್ತಿಯ ಮುಂದೆ ಕುಳಿತಿರುತ್ತಾರೆ. ಕೈಗೆ ಕೆಲಸ, ಕಿವಿಗೆ ಬಿಡುವು. ಒಬ್ಬ ಹುಡುಗಿ ಅರ್ಧ ಗಂಟೆ ಗಟ್ಟಿಯಾಗಿ ಓದಿದರೆ ಇಡೀ ಚಪ್ಪರ ಕೇಳುತ್ತದೆ. ಓದಲು ಬಾರದ ಅಜ್ಜಿಯೂ ಅಂದಿನ ಮಟ್ಟಿಗೆ ಗ್ರಂಥಾಲಯದ ಸದಸ್ಯೆಯೇ.

ಮಾರ್ಚ್ ಪರೀಕ್ಷೆಗೆ ಮೀಸಲು. ಏಪ್ರಿಲ್, ಮೇ ತಿಂಗಳುಗಳು ಶಿಬಿರಕ್ಕೆ, ಹರಿದ ಪುಸ್ತಕಗಳ ದುರಸ್ತಿಗೆ, ಮುಂದಿನ ಮಳೆಗಾಲದ ಪೆಟ್ಟಿಗೆಯ ಆಯ್ಕೆಗೆ.

ಬೂಸ್ಟಿನ ಮಾತು

‘ಮಳೆಗಾಲದಲ್ಲಿ ಪುಸ್ತಕ ಹೊರಗೆ ಕೊಟ್ಟರೆ ಹಾಳಾಗುತ್ತದೆ’ ಎಂಬ ಆಕ್ಷೇಪ ಸಾಮಾನ್ಯ. ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ 65–70ನ್ನು ಮೀರಿ ಬಹುಕಾಲ ನಿಂತರೆ ಕಾಗದದ ಮೇಲೆ ಬೂಸ್ಟು ಬೆಳೆಯುತ್ತದೆ. ಗಾಳಿಯಾಡದ ಕಪಾಟಿನಲ್ಲಿ ಅದಕ್ಕೆ ಇನ್ನಷ್ಟು ಅನುಕೂಲ. ಬೀಗ ಹಾಕಿದ ಮಾತ್ರಕ್ಕೆ ಪುಸ್ತಕ ಉಳಿಯದು. ಕೈಯಿಂದ ಕೈಗೆ ಹೋಗುವ, ದಿನವೂ ತೆರೆಯುವ ಪುಸ್ತಕಕ್ಕೆ ಗಾಳಿಯಾದರೂ ದೊರೆಯುತ್ತದೆ. ಹತ್ತಿದ ಬೂಸ್ಟೂ ಬೇಗ ಕಣ್ಣಿಗೆ ಬೀಳುತ್ತದೆ. ಬಿತ್ತನೆ ಬೀಜ ಕಾಯ್ದುಕೊಳ್ಳುವ ಮನೆಗೆ ಪುಸ್ತಕ ಕಾಯುವ ವಿದ್ಯೆಯನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ. ಪೆಟ್ಟಿಗೆ ನೆಲದಿಂದ ಒಂದು ಗೇಣು ಮೇಲಿರಲಿ, ಗೋಡೆಗೆ ತಾಗದಿರಲಿ. ಒಲೆಯ ಬಿಸಿ ಸುಳಿಯುವ, ಹೊಗೆ ತಾಗದ ಕೋಣೆಯಲ್ಲಿರಲಿ. ಒದ್ದೆಯಾದ ಪುಸ್ತಕವನ್ನು ಉರಿಬಿಸಿಲಿಗೆ ಹಾಕದೆ ಹಾಳೆ ಬಿಡಿಸಿ ನೆರಳಿನಲ್ಲಿ ಆರಿಸಬೇಕು. ಇಷ್ಟಾದರೂ ವರ್ಷಕ್ಕೆ ಕೆಲವು ಪುಸ್ತಕ ಸವೆದೇ ಹೋಗುತ್ತವೆ. ಅದನ್ನು ನಷ್ಟವೆನ್ನದೆ ಬೀಜದ ಖರ್ಚೆಂದು ತಿಳಿಯಬೇಕು. ಹರಿದ ಪುಟಕ್ಕಾಗಿ ಒಂದು ಮಗುವಿಗೆ ದಂಡ ಹಾಕಿದರೆ ಇಡೀ ಕೇರಿಯ ಮಕ್ಕಳು ದೂರವಾಗುತ್ತಾರೆ.

ಯಾರಿಗೆ ಯಾವುದು

ಆರರಿಂದ ಎಂಟರ ವಯಸ್ಸಿಗೆ ಚಿತ್ರದ ಪುಸ್ತಕ, ಮತ್ತು ಅದನ್ನು ಓದಿ ಹೇಳುವ ಒಂದು ದನಿ. ಈ ಗುಡ್ಡಗಳಲ್ಲಿ ತುಳು, ಕೊಂಕಣಿ, ಅರೆಭಾಷೆ, ಹವ್ಯಕ, ಹಾಲಕ್ಕಿ ಮಾತನಾಡುವ ಮಕ್ಕಳಿದ್ದಾರೆ. ತೋಟಗಳಲ್ಲಿ ಹೊರರಾಜ್ಯಗಳ ಕಾರ್ಮಿಕರ ಮಕ್ಕಳಿದ್ದಾರೆ. ಗ್ರಂಥಭಾಷೆ ಅವರಿಗೆ ಮನೆಯ ಭಾಷೆಯಲ್ಲ. ಓದುತ್ತ, ಮನೆಮಾತಿನಲ್ಲಿ ವಿವರಿಸುತ್ತ ಹೋದರೆ ಆ ಅಂತರ ಕಿರಿದಾಗುತ್ತದೆ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡವೂ ಸೇರಿದಂತೆ ಅನೇಕ ಭಾಷೆಗಳ ಮಕ್ಕಳ ಕಥೆಗಳು ಮುಕ್ತವಾಗಿ ದೊರೆಯುತ್ತವೆ. ಮುದ್ರಿಸಿ ಹಂಚಲು ಅಡ್ಡಿಯಿಲ್ಲ.

ಒಂಬತ್ತರಿಂದ ಹನ್ನೆರಡು ಪ್ರಶ್ನೆಗಳ ವಯಸ್ಸು. ಶಿವರಾಮ ಕಾರಂತರು 1930ರ ದಶಕದಲ್ಲೇ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಕೊಟ್ಟದ್ದು ಇಂತಹ ಓದುಗರಿಗಾಗಿ. ಈ ವಯಸ್ಸಿಗೆ ಕಥೆಯಷ್ಟೇ ಸಾಲದು. ಕಪ್ಪೆ, ನಕ್ಷತ್ರ, ಯಂತ್ರಗಳೂ ಪೆಟ್ಟಿಗೆಯಲ್ಲಿರಬೇಕು.

ನಿಜವಾದ ಸವಾಲು ಹದಿಮೂರರ ನಂತರದ್ದು. ಪಠ್ಯ ಮತ್ತು ಪರೀಕ್ಷೆ, ಈಗ ಮೊಬೈಲು, ಇವುಗಳ ನಡುವೆ ಓದು ಕಳಚಿಕೊಳ್ಳುವುದು ಇಲ್ಲಿಯೇ. ಈ ಮಕ್ಕಳನ್ನು ಚಿಕ್ಕವರೊಂದಿಗೆ ಸಾಲಾಗಿ ಕೂರಿಸಿ ಚಪ್ಪಾಳೆ ತಟ್ಟಿಸಿದರೆ ಮರುದಿನ ಅವರು ಬಾರರು. ಅವರಿಗೆ ಪ್ರತ್ಯೇಕ ಕಪಾಟು, ಅದರ ಆಯ್ಕೆಯಲ್ಲಿ ಅಧಿಕಾರ, ಮತ್ತು ಒಂದು ಹೊಣೆ ಬೇಕು. ತೇಜಸ್ವಿಯವರ ‘ಕರ್ವಾಲೊ’, ‘ಪರಿಸರದ ಕತೆ’, ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಆ ಕಪಾಟಿನಲ್ಲಿರಲಿ. ತಮ್ಮ ಸುತ್ತಲಿನ ಕಾಡೇ ಸಾಹಿತ್ಯವಾಗಬಲ್ಲದೆಂಬುದು ಅವರಿಗೆ ತಿಳಿಯಲಿ.

ಅದರ ಪಕ್ಕದಲ್ಲೇ ಊರಿನ ಕಾಗದಪತ್ರಗಳೂ ಇರಲಿ. 2002ರ ಜೀವವೈವಿಧ್ಯ ಕಾಯ್ದೆಯಡಿ ರಚನೆಯಾಗುವ ಸ್ಥಳೀಯ ಸಮಿತಿಗಳು ಊರವರೊಡನೆ ಸಮಾಲೋಚಿಸಿ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ, ಸಾರ್ವಜನಿಕ ಅಹವಾಲು ಅಗತ್ಯವಿರುವ ಯೋಜನೆಗಳ ಕರಡು ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿರಬೇಕು. ಆಯ್ದ ಕಚೇರಿ, ಸಾರ್ವಜನಿಕ ಗ್ರಂಥಾಲಯ, ಪಂಚಾಯಿತಿಗಳಂತಹ ಸ್ಥಳಗಳಲ್ಲಿ ಅದು ನೋಡಲು ದೊರೆಯಬೇಕು. ಅಭಿಪ್ರಾಯಕ್ಕೆ ಕನಿಷ್ಠ 30 ದಿನಗಳ ಅವಕಾಶವಿದೆ. ಆ ಮೂವತ್ತು ದಿನಗಳಲ್ಲಿ ವರದಿಯನ್ನು ಓದಿ, ‘ಈ ಹಳ್ಳದ ಹೆಸರೇ ಇದರಲ್ಲಿಲ್ಲ’ ಎಂದು ಎತ್ತಿ ತೋರಿಸಬಲ್ಲವರು ಊರಿನಲ್ಲಿ ಎಷ್ಟು ಮಂದಿ? ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಪಶ್ಚಿಮಘಟ್ಟ ತಜ್ಞರ ಸಮಿತಿ 2011ರಲ್ಲಿ ವರದಿ ಕೊಟ್ಟಾಗ ಹಳ್ಳಿಗಳಲ್ಲಿ ಪರವೂ ವಿರೋಧವೂ ಹೆಚ್ಚಾಗಿ ಕೇಳಿದ ಮಾತಿನ ಮೇಲೆಯೇ ನಡೆಯಿತು. ಓದದ ಊರಿನ ಪರವಾಗಿ ಬೇರೆಯವರು ಓದುತ್ತಾರೆ, ಬೇರೆಯವರೇ ತೀರ್ಮಾನಿಸುತ್ತಾರೆ. ಇಂದು ಕಥೆಯನ್ನು ಕೊನೆಯವರೆಗೆ ಓದುವ ಅಭ್ಯಾಸವಾದ ಬಾಲಕಿ ನಾಳೆ ನೂರು ಪುಟದ ವರದಿಗೆ ಹೆದರಲಾರಳು.

ಫಸಲಿನ ಅಳತೆ

ಎಷ್ಟು ಮಕ್ಕಳು ಸದಸ್ಯರಾದರು ಎಂಬುದು ಬಿತ್ತನೆಯ ಲೆಕ್ಕ ಮಾತ್ರ. ಒಮ್ಮೆ ಒಯ್ದವರಲ್ಲಿ ಎಷ್ಟು ಮಂದಿ ಎರಡನೆಯ ಪುಸ್ತಕಕ್ಕೆ ಬಂದರು ಎಂಬುದೇ ಮೊಳಕೆಯ ಲೆಕ್ಕ. ನೋಟುಪುಸ್ತಕದಲ್ಲಿ ಮೂರು ಅಂಕಣ ಸಾಕು: ಒಯ್ದವರ ಹೆಸರು, ಪುಸ್ತಕ, ಮರಳಿದ ದಿನ. ವರ್ಷಾಂತ್ಯದಲ್ಲಿ ಅದನ್ನು ತೆರೆದರೆ ಯಾವ ಪುಸ್ತಕ ಒಮ್ಮೆಯೂ ಕದಲಲಿಲ್ಲ, ಯಾವ ಮನೆಯ ಮಗು ಬರುವುದನ್ನು ನಿಲ್ಲಿಸಿತು ಎಂಬುದು ತಿಳಿಯುತ್ತದೆ. ಕದಲದ ಪುಸ್ತಕವನ್ನು ಬದಲಿಸಬೇಕು. ನಿಂತ ಮಗುವಿನ ಮನೆಗೆ ಒಮ್ಮೆ ಹೋಗಿಬರಬೇಕು.

ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಗ್ರಂಥಾಲಯದ ಮೇಲ್ವಿಚಾರಕರೊಡನೆ ಕುಳಿತು ಪೆಟ್ಟಿಗೆಯ ಪಟ್ಟಿ ಮಾಡುವುದು, ಪ್ರತಿ ಮಜರೆಯಲ್ಲಿ ಇಬ್ಬರು ಹದಿಹರೆಯದವರನ್ನು ಗೊತ್ತುಮಾಡುವುದು, ಗ್ರಾಮಸಭೆಯಲ್ಲಿ ಈ ವಿಷಯವನ್ನು ಮಂಡಿಸಿ ನಡಾವಳಿಯಲ್ಲಿ ಬರೆಯಿಸುವುದು, ಈ ಮೂರು ಕೆಲಸಗಳು ಬೇಸಿಗೆ ಮುಗಿಯುವುದರೊಳಗೆ ಆಗಬೇಕು. ಜೂನ್‌ನ ಮೊದಲ ಮಳೆ ಬೀಳುವಾಗ ಪೆಟ್ಟಿಗೆ ಮಜರೆಯಲ್ಲಿರಲಿ.