ಬ್ರೆಮೆಯ ಕಣ್ಣೀರು

1990ರ ಫುಟ್‌ಬಾಲ್ ವಿಶ್ವಕಪ್ ಫೈನಲ್, ರೋಮ್ ನಗರ. 85ನೇ ನಿಮಿಷದಲ್ಲಿ ಪಶ್ಚಿಮ ಜರ್ಮನಿಗೆ ಪೆನಾಲ್ಟಿ. ಎಡಬದಿ ಕಾಯುತ್ತಿದ್ದ ಡಿಫೆಂಡರ್ ಆಂಡ್ರಿಯಾಸ್ ಬ್ರೆಮೆ ಬಲಗಾಲಿನಿಂದ ಒದ್ದರು. ಅರ್ಜೆಂಟೀನಾದ ಗೋಲ್‌ಕೀಪರ್ ಸರಿಯಾದ ಕಡೆಗೇ ಹಾರಿದರೂ ಚೆಂಡು ಕಂಬದ ಪಕ್ಕದಲ್ಲೇ ನುಸುಳಿ ಬಲೆ ಸೇರಿತು. ಕಪ್ ಪಶ್ಚಿಮ ಜರ್ಮನಿಯದಾಯಿತು.

ನನ್ನನ್ನು ಹೆಚ್ಚು ಕಾಡುವುದು ಮಾತ್ರ 1996ರ ಬ್ರೆಮೆ. ಅವರ ಕೈಸರ್ಸ್‌ಲೌಟರ್ನ್ ಕ್ಲಬ್ ತಂಡ ಜರ್ಮನಿಯ ಲೀಗ್‌ನಲ್ಲಿ ಎರಡನೇ ದರ್ಜೆಗೆ ಜಾರಿದ ದಿನ, ಎದುರಾಳಿ ತಂಡದಲ್ಲಿದ್ದ ಹಳೆಯ ಜೊತೆಗಾರ ರೂಡಿ ಫೊಲರ್ ಅವರ ಹೆಗಲಿಗೆ ಮುಖವಿಟ್ಟು ಬಿಕ್ಕಿಬಿಕ್ಕಿ ಅತ್ತರು. ಆಗ ವಯಸ್ಸು 35. ಬಿಟ್ಟು ಹೊರಟಿದ್ದರೆ ಯಾರು ತಪ್ಪೆನ್ನುತ್ತಿದ್ದರು? ಹೋಗಲಿಲ್ಲ. ಕೆಳದರ್ಜೆಯಲ್ಲೂ ಆ ತಂಡಕ್ಕೇ ಆಡಿದರು. ಮರುವರ್ಷ ತಂಡ ಮೇಲೇರಿತು. 1998ರಲ್ಲಿ, ಮೇಲೆ ಬಂದ ಮೊದಲ ಸಾಲಿನಲ್ಲೇ, ಜರ್ಮನಿಯ ಲೀಗ್ ಚಾಂಪಿಯನ್! ಅದೇ ಬ್ರೆಮೆ ಆಡಿದ ಕೊನೆಯ ಸೀಸನ್.